ಮೂರು ಟಾಸ್ಕ್‌ಗೆ 450 ರೂಪಾಯಿ ಬಂತು, ಈಗ 5,000 ಕಟ್ಟಿ ಅಂತಿದ್ದಾರೆ: ಮಿಸ್ಟರಿ ಶಾಪರ್ ಕೆಲಸ ನಿಜವಾ, ಮೋಸವಾ?

ಪ್ರಶ್ನೆ: ನಮ್ಮದು ಸುಂಟಿಕೊಪ್ಪದ ಹತ್ತಿರ. ಯಜಮಾನರು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು. ನಾನು ಬಿ.ಕಾಂ. ಓದಿದ್ದೇನೆ. ಮದುವೆಗೆ ಮುಂಚೆ ಕುಶಾಲನಗರದ ಒಂದು ಅಂಗಡಿಯಲ್ಲಿ ಬಿಲ್ಲಿಂಗ್ ನೋಡಿಕೊಳ್ಳುತ್ತಿದ್ದೆ. ಈಗ ಮಗಳು ಮೂರನೇ ಕ್ಲಾಸು. ಅವಳು ಶಾಲೆಗೆ ಹೋದರೆ ಮಧ್ಯಾಹ್ನ ಮೂರೂವರೆ ತನಕ ನನಗೆ ಸಮಯ ಇರುತ್ತದೆ. ಹೋದ ತಿಂಗಳು ವಾಟ್ಸಾಪ್‌ನಲ್ಲಿ ‘ಮಿಸ್ಟರಿ ಶಾಪರ್ ಬೇಕಾಗಿದ್ದಾರೆ, ಮನೆಯಲ್ಲೇ ಕುಳಿತು ದಿನಕ್ಕೆ 3,000 ರೂಪಾಯಿ’ ಅಂತ ಮೆಸೇಜ್ ಬಂತು. ಮೂರು ಹೋಟೆಲ್‌ಗಳಿಗೆ ಐದೈದು ಸ್ಟಾರ್ ಕೊಡಲು ಹೇಳಿದರು, ಕೊಟ್ಟೆ. 450 ರೂಪಾಯಿ ಖಾತೆಗೆ ಬಂದೇ ಬಂತು. ಆಮೇಲೆ ಟೆಲಿಗ್ರಾಂ ಗ್ರೂಪಿಗೆ ಸೇರಿಸಿದರು. ಈಗ 5,000 ಕಟ್ಟಿದರೆ 6,800 ವಾಪಸ್ ಅಂತಿದ್ದಾರೆ. ಪ್ಯಾನ್ ಕಾರ್ಡ್ ಫೋಟೋ ಕೊಟ್ಟಾಗಿದೆ. ಯಜಮಾನರು ಇದೆಲ್ಲ ಮೋಸ ಅನ್ನುತ್ತಾರೆ. ಆದರೆ ಮೈಸೂರಿನಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಇದೇ ಕೆಲಸ ಮಾಡುತ್ತಾಳೆ, ಅವಳಿಗೆ ದುಡ್ಡು ಬರುತ್ತದೆ. ಅವಳದು ನಿಜ ಆದರೆ ನನ್ನದು ಹೇಗೆ ಸುಳ್ಳು? ಕೊಡಗಿನಲ್ಲಿ ಕೂತು ಇದರಲ್ಲಿ ಎಷ್ಟು ದುಡಿಯಬಹುದು? ಇದು ಒಂಥರಾ ಚಾಡಿ ಹೇಳುವ ಕೆಲಸ ಅಲ್ವಾ ಅಂತಲೂ ಮನಸ್ಸಿಗೆ ಬರುತ್ತದೆ. ನನ್ನ ಮೈದುನ ಪೆಟ್ರೋಲ್ ಬಂಕಿನಲ್ಲಿದ್ದಾನೆ. ನಾಳೆ ಅದೇ ಬಂಕಿನ ಕೆಲಸ ಬಂದರೆ ಏನು ಮಾಡಲಿ? (ಹೆಸರು ಬೇಡ)

ಉತ್ತರ: 5,000 ಕಟ್ಟಬೇಡಿ. ಈ ಉತ್ತರವನ್ನು ಆಮೇಲೆ ಓದಿದರೂ ಆಯ್ತು, ಮೊದಲು ಆ ಗ್ರೂಪಿನ ಮಾತುಕತೆ, ದುಡ್ಡು ಬಂದ ವಿವರ, ಅವರ ಫೋನ್ ನಂಬರ್ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಹೊರಗೆ ಬನ್ನಿ.

ನಿಮ್ಮ ಯಜಮಾನರು ಹೇಳಿದ್ದೂ ಸರಿ, ನಿಮ್ಮ ಚಿಕ್ಕಮ್ಮನ ಮಗಳು ಹೇಳಿದ್ದೂ ಸರಿ. ಮಿಸ್ಟರಿ ಶಾಪಿಂಗ್, ಅಂದರೆ ಗಿರಾಕಿಯ ಹಾಗೆ ಅಂಗಡಿಗೆ ಹೋಗಿ ಕಂಡದ್ದನ್ನು ಗುಟ್ಟಾಗಿ ವರದಿ ಮಾಡುವುದು, ನಿಜವಾದ ಕೆಲಸ. ಮೋಸಗಾರರು ಅದರ ಹೆಸರನ್ನು ಮಾತ್ರ ಎತ್ತಿಕೊಂಡಿದ್ದಾರೆ. ನಾನು ಮೂರು ವರ್ಷ ಈ ಕೆಲಸ ಮಾಡಿದೆ. ಆಮೇಲೆ ಹನ್ನೊಂದು ವರ್ಷ ಬೆಂಗಳೂರಿನ ಒಂದು ಏಜೆನ್ಸಿಯಲ್ಲಿ, ಬೇರೆ ಶಾಪರ್‌ಗಳು ಕಳಿಸಿದ ವರದಿಗಳನ್ನು ತಿದ್ದಿ, ಬೇಕಾದರೆ ವಾಪಸ್ ಕಳಿಸುವ ಕೆಲಸದಲ್ಲಿದ್ದೆ. ಈಗ ಮಡಿಕೇರಿಯಲ್ಲಿ ಮನೆ. ಹಾಗಾಗಿ ನಿಮ್ಮ ಪ್ರಶ್ನೆಯ ಎರಡೂ ಕಡೆ ನನಗೆ ಗೊತ್ತಿದೆ.

ನಿಜವಾದ ಕೆಲಸ ಹೇಗಿರುತ್ತದೆ ಅಂದರೆ, ಒಂದು ಕಂಪನಿಗೆ ಊರೂರಲ್ಲಿ ಅಂಗಡಿಗಳಿರುತ್ತವೆ. ಬಟ್ಟೆ ಅಂಗಡಿ, ಮೊಬೈಲ್ ಶೋರೂಮ್, ಪೆಟ್ರೋಲ್ ಬಂಕ್, ಬ್ಯಾಂಕ್, ರೆಸಾರ್ಟ್, ಏನೂ ಇರಬಹುದು. ಮೇಲಿನವರು ಬರುತ್ತಾರೆ ಅಂತ ಗೊತ್ತಾದ ದಿನ ಎಲ್ಲ ಅಂಗಡಿಯೂ ಫಳಫಳ ಹೊಳೆಯುತ್ತದೆ. ಉಳಿದ ದಿನ ಹೇಗಿರುತ್ತದೆ ಅನ್ನುವುದು ಕಂಪನಿಗೆ ಬೇಕು. ಅದಕ್ಕೆ ಅವರು ಏಜೆನ್ಸಿಗೆ ದುಡ್ಡು ಕೊಡುತ್ತಾರೆ, ಏಜೆನ್ಸಿ ನಿಮ್ಮಂಥವರನ್ನು ಸಾಮಾನ್ಯ ಗಿರಾಕಿಯ ಹಾಗೆ ಕಳಿಸುತ್ತದೆ. ಹೋಗುವ ಮುಂಚೆ ನಿಮಗೆ ಬರಹದಲ್ಲಿ ಸೂಚನೆ ಬರುತ್ತದೆ: ಇಂಥ ದಿನ, ಇಂಥ ಸಮಯದೊಳಗೆ ಹೋಗಿ, ಇಂಥದ್ದು ಕೇಳಿ, ಇಷ್ಟರೊಳಗೆ ಖರೀದಿ ಮಾಡಿ, ಬಿಲ್ ಇಟ್ಟುಕೊಳ್ಳಿ. ಮನೆಗೆ ಬಂದು 12 ಅಥವಾ 24 ಗಂಟೆಯೊಳಗೆ ವರದಿ ತುಂಬಬೇಕು. ಆ ವರದಿ ಕಂಪನಿಗೆ ಮಾತ್ರ ಹೋಗುತ್ತದೆ. ಊರಿಗೆಲ್ಲ ಕಾಣುವ ಹಾಗೆ ಸ್ಟಾರ್ ಒತ್ತುವುದು ಈ ಕೆಲಸದಲ್ಲಿ ಇಲ್ಲವೇ ಇಲ್ಲ. ನೀವು ಹೋಗದ, ನೋಡದ ಹೋಟೆಲಿಗೆ ಐದು ಸ್ಟಾರ್ ಕೊಟ್ಟಿರಲ್ಲ, ಅದು ಸುಳ್ಳು ವಿಮರ್ಶೆ. ಮಿಸ್ಟರಿ ಶಾಪಿಂಗ್‌ಗೆ ನೇರ ಉಲ್ಟಾ. ನಿಮ್ಮನ್ನು ಬೈಯಲು ಹೇಳುತ್ತಿಲ್ಲ, ನಿಮ್ಮ ಹಾಗೆ ಬಿ.ಕಾಂ. ಓದಿದವರು, ಮೇಷ್ಟ್ರುಗಳು, ಬ್ಯಾಂಕಿನವರು ಕೂಡ ಸಿಕ್ಕಿಬಿದ್ದಿದ್ದಾರೆ. ಆ ಮೂರು ವಿಮರ್ಶೆಗಳನ್ನು ಅಳಿಸಿಬಿಡಿ, ಅಷ್ಟೇ.

ಹಾಗಾದರೆ 450 ಯಾಕೆ ಕೊಟ್ಟರು? ಅದು ಗಾಳಕ್ಕೆ ಸಿಕ್ಕಿಸಿದ ಎರೆಹುಳ. ಮೊದಲು ಸ್ವಲ್ಪ ಕೊಟ್ಟು ನಂಬಿಕೆ ಹುಟ್ಟಿಸುತ್ತಾರೆ. ಆಮೇಲೆ ವಾಟ್ಸಾಪ್‌ನಿಂದ ಟೆಲಿಗ್ರಾಂಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ‘ನನಗೆ ಬಂತು, ನನಗೂ ಬಂತು’ ಅಂತ ಸ್ಕ್ರೀನ್‌ಶಾಟ್ ಹಾಕುವವರಲ್ಲಿ ಹೆಚ್ಚಿನವರು ಅವರ ಕಡೆಯವರೇ. 5,000 ಕಟ್ಟಿದರೆ ಒಂದು ವೆಬ್‌ಸೈಟಿನಲ್ಲಿ ನಿಮ್ಮ ಹೆಸರಿನ ಕೆಳಗೆ 6,800 ಅಂತ ತೋರಿಸುತ್ತದೆ. ಅದು ಪರದೆಯ ಮೇಲಿನ ಅಂಕಿ, ದುಡ್ಡಲ್ಲ. ತೆಗೆಯಲು ಹೋದರೆ ‘ಇನ್ನೊಂದು ಟಾಸ್ಕ್ ಬಾಕಿ ಇದೆ, 18,000 ಹಾಕಿ’ ಅನ್ನುತ್ತಾರೆ. ಅದೂ ಹಾಕಿದರೆ ‘ತೆರಿಗೆ ಕಟ್ಟಿ’. ಹಾಕಿದ್ದು ಹೋಗುತ್ತಲ್ಲ ಅನ್ನುವ ಭಯಕ್ಕೆ ಜನ ಒಡವೆ ಅಡ ಇಟ್ಟು ಹಾಕುತ್ತಾರೆ.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ನಿಮಗೆ ಬಂದ ಆ 450 ಎಷ್ಟೋ ಸಲ ಇನ್ನೊಬ್ಬ ಮೋಸಹೋದವರ ಖಾತೆಯಿಂದ ಬಂದಿರುತ್ತದೆ. ಅವರು ದೂರು ಕೊಟ್ಟರೆ, ದುಡ್ಡು ಹೋದ ದಾರಿ ಹಿಡಿದು ನಿಮ್ಮ ಖಾತೆಗೂ ತಡೆ ಬೀಳಬಹುದು. ಅದಕ್ಕೇ ನೀವು ಕಳೆದುಕೊಂಡಿಲ್ಲದಿದ್ದರೂ ಸುಮ್ನೆ ಇರಬೇಡಿ. ಸೈಬರ್ ಅಪರಾಧದ ರಾಷ್ಟ್ರೀಯ ಸಹಾಯವಾಣಿ 1930. ಫೋನ್ ಸಿಗದಿದ್ದರೆ ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು, ಇಲ್ಲವೇ ಮಡಿಕೇರಿಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಬಹುದು. ನಿಮ್ಮ ಬ್ಯಾಂಕಿಗೂ ಒಂದು ಪತ್ರ ಕೊಟ್ಟು ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಪ್ಯಾನ್ ಫೋಟೋ ಕೊಟ್ಟಿದ್ದೀರಿ ಅಂದಿರಲ್ಲ, ಅದರಿಂದ ನಿಮ್ಮ ಹೆಸರಲ್ಲಿ ಯಾರಾದರೂ ಸಾಲಕ್ಕೆ ಅರ್ಜಿ ಹಾಕಬಹುದು. ಸಾಲದ ವಿವರ ಇಟ್ಟುಕೊಳ್ಳುವ ಸಿಬಿಲ್‌ನಂಥ ಸಂಸ್ಥೆಗಳು ವರ್ಷಕ್ಕೆ ಒಂದು ಸಲ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು ಅಂತ ನಿಯಮ ಇದೆ. ಎರಡು ತಿಂಗಳು ಬಿಟ್ಟು ಒಮ್ಮೆ ತರಿಸಿ ನೋಡಿ. ಇನ್ನು ಯಾರಾದರೂ ‘ನಿಮಗೆ ದುಡ್ಡು ಹಾಕುತ್ತೇವೆ, ಯುಪಿಐ ಪಿನ್ ಒತ್ತಿ’ ಅಂದರೆ ಫೋನ್ ಇಡಿ. ಪಿನ್ ಬೇಕಾಗುವುದು ದುಡ್ಡು ಕೊಡಲಿಕ್ಕೆ, ತಗೊಳ್ಳಲಿಕ್ಕಲ್ಲ.

ಅಸಲಿ ಏಜೆನ್ಸಿಯನ್ನು ಗುರುತಿಸಲು ಒಂದೇ ಪ್ರಶ್ನೆ ಸಾಕು: ದುಡ್ಡು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತಿದೆ? ಅಂಗಡಿಯಲ್ಲಿ ನೀವು ಖರೀದಿಗೆ ಕೊಡುವ ದುಡ್ಡು ಬಿಟ್ಟರೆ ನಿಮ್ಮ ಕೈಯಿಂದ ಏಜೆನ್ಸಿಗೆ ಒಂದು ಪೈಸೆಯೂ ಹೋಗಬಾರದು. ನೋಂದಣಿ ಶುಲ್ಕ ಇಲ್ಲ, ಟ್ರೈನಿಂಗ್ ಶುಲ್ಕ ಇಲ್ಲ, ಡೆಪಾಸಿಟ್ ಇಲ್ಲ. ಅಸಲಿ ಕಂಪನಿಯವರು ನಿಮ್ಮನ್ನು ಹುಡುಕಿಕೊಂಡು ವಾಟ್ಸಾಪ್‌ಗೆ ಬರುವುದೂ ಕಡಿಮೆ, ನೀವೇ ಹೋಗಿ ಹೆಸರು ನೋಂದಾಯಿಸಬೇಕು. ಈ ಉದ್ಯಮದ ಏಜೆನ್ಸಿಗಳಿಗೆ ಎಂಎಸ್‌ಪಿಎ ಅನ್ನುವ ಅಂತರರಾಷ್ಟ್ರೀಯ ಒಕ್ಕೂಟ ಇದೆ, ಏಷ್ಯಾ ಭಾಗಕ್ಕೂ ಅದರ ಶಾಖೆ ಇದೆ. ಅದರ ಸದಸ್ಯರ ಪಟ್ಟಿಯಿಂದ ಹುಡುಕಲು ಶುರುಮಾಡಬಹುದು. ಆದರೆ ‘ನಾವೇ ಎಂಎಸ್‌ಪಿಎ, ನಿಮಗೆ ಕೆಲಸ ಕೊಡುತ್ತೇವೆ’ ಅಂದರೆ ನಂಬಬೇಡಿ. ಅದು ಏಜೆನ್ಸಿಗಳ ಸಂಘ, ಶಾಪರ್‌ಗಳನ್ನು ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ. ಭಾರತದಲ್ಲಿ ನೋಂದಣಿ ಆದ ಕಂಪನಿಯಾದರೆ ಕಂಪನಿ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಬಹುದು. ನಿಮಗೆ ಇದಕ್ಕಿಂತ ಸುಲಭದ ದಾರಿ ಇದೆ. ನಿಮ್ಮ ಚಿಕ್ಕಮ್ಮನ ಮಗಳಿಗೆ ಎಷ್ಟೋ ತಿಂಗಳಿಂದ ಸರಿಯಾಗಿ ದುಡ್ಡು ಕೊಡುತ್ತಿರುವ ಏಜೆನ್ಸಿ ಯಾವುದು ಅಂತ ಕೇಳಿ, ಅಲ್ಲಿಗೇ ಅರ್ಜಿ ಹಾಕಿ.

ಇನ್ನು ಎಷ್ಟು ದುಡಿಯಬಹುದು? ಇಲ್ಲಿ ನಿಮಗೆ ಸ್ವಲ್ಪ ಬೇಸರ ಆಗಬಹುದು.

ನಾನು ನೋಡಿದ ಮಟ್ಟಿಗೆ ಸಣ್ಣ ಅಂಗಡಿ, ಬಂಕ್, ಬೇಕರಿ ಥರದ ಭೇಟಿಗೆ 200ರಿಂದ 500 ರೂಪಾಯಿ ಸಿಗುತ್ತದೆ. ಬ್ಯಾಂಕ್, ಕಾರು ಶೋರೂಮ್ ಥರದ ಉದ್ದನೆಯ ಕೆಲಸಕ್ಕೆ ಇನ್ನೂ ಸ್ವಲ್ಪ ಜಾಸ್ತಿ. ಬಿ.ಕಾಂ. ಓದಿದವರು, ಲೆಕ್ಕ ಹಾಕೋಣ. ಕುಶಾಲನಗರದಲ್ಲಿ 300 ರೂಪಾಯಿಯ ಒಂದು ಕೆಲಸ ಬಂತು ಅಂತಿಟ್ಟುಕೊಳ್ಳಿ. ಸುಂಟಿಕೊಪ್ಪದಿಂದ ಹೋಗಿ ಬರಲು ಹೆಚ್ಚುಕಡಿಮೆ 30 ಕಿಲೋಮೀಟರ್. ಸ್ಕೂಟರ್‌ಗೆ 70 ರೂಪಾಯಿ ಪೆಟ್ರೋಲು. ಸೂಚನೆ ಓದಲು ಅರ್ಧ ಗಂಟೆ, ಓಡಾಟ ಒಂದು ಗಂಟೆ, ಅಂಗಡಿಯಲ್ಲಿ ಅರ್ಧ ಗಂಟೆ, ವರದಿಗೆ ಶುರುಶುರುವಿನಲ್ಲಿ ಎರಡು ಗಂಟೆ. ನಾಲ್ಕು ಗಂಟೆಗೆ 230 ರೂಪಾಯಿ. ಕೊಯ್ಲಿನ ಸಮಯದಲ್ಲಿ ಕೆ.ಜಿ. ಲೆಕ್ಕಕ್ಕೆ ಹಣ್ಣು ಕೊಯ್ಯುವ ಚುರುಕು ಕೈಯವರು ಇದಕ್ಕಿಂತ ಜಾಸ್ತಿ ದುಡಿಯುತ್ತಾರೆ. ತೂಕ ಬರೆದುಕೊಳ್ಳುವ ನಿಮ್ಮ ಯಜಮಾನರನ್ನೇ ಕೇಳಿ.

ಅದೇ ಒಂದೇ ದಿನ ಕುಶಾಲನಗರದಲ್ಲೇ ಮೂರು ಕೆಲಸ ಸಿಕ್ಕಿದರೆ ಲೆಕ್ಕ ಬದಲಾಗುತ್ತದೆ. ಪೆಟ್ರೋಲ್ ಅಷ್ಟೇ, ಓಡಾಟ ಅಷ್ಟೇ. ಕೈ ಪಳಗಿದ ಮೇಲೆ ವರದಿಯೂ ಬೇಗ ಆಗುತ್ತದೆ. ಗಂಟೆಗೆ ನೂರು ರೂಪಾಯಿಯ ಆಸುಪಾಸಿಗೆ ಬರುತ್ತೀರಿ. ಹೇಗೂ ಸಾಮಾನು ತರಲು, ಆಸ್ಪತ್ರೆಗೆ, ನೆಂಟರ ಮನೆಗೆ ಹೋಗುವ ದಿನಕ್ಕೆ ಕೆಲಸ ಜೋಡಿಸಿಕೊಂಡರೆ ಇನ್ನೂ ಒಳ್ಳೆಯದು. ಮೈಸೂರಿಗೆ ಹೋಗುವ ದಿನವಂತೂ ಬಿಡಬೇಡಿ, ಅಲ್ಲಿ ಕೆಲಸ ಜಾಸ್ತಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ನಿಮಗೆ ಟಿಕೆಟ್ ದುಡ್ಡಿಲ್ಲ. ಶಾಪರ್‌ಗಳ ಲೆಕ್ಕದಲ್ಲಿ ಇದು ಸಣ್ಣ ವಿಷಯ ಅಲ್ಲ. ಆದರೆ ನಮ್ಮ ಒಳಊರುಗಳಿಗೆ ಓಡುವುದು ಹೆಚ್ಚಾಗಿ ಪ್ರೈವೇಟ್ ಬಸ್ಸು, ಅಲ್ಲಿ ಶಕ್ತಿ ನಡೆಯುವುದಿಲ್ಲ. ನಾಪೋಕ್ಲು, ಭಾಗಮಂಡಲ ಕಡೆಯ ಒಂಟಿ ಕೆಲಸಗಳನ್ನು ಬಿಟ್ಟುಬಿಡಿ.

ಒಟ್ಟಿನಲ್ಲಿ ಕೊಡಗಿನಲ್ಲಿ ಇದ್ದುಕೊಂಡು ತಿಂಗಳಿಗೆ ಐದಾರು ಕೆಲಸ ಸಿಕ್ಕರೆ ಪುಣ್ಯ. 1,500ರಿಂದ 2,500 ರೂಪಾಯಿ. ಕೆಲವು ತಿಂಗಳು ಏನೂ ಇರುವುದಿಲ್ಲ. ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪ, ವಿರಾಜಪೇಟೆ ಬಿಟ್ಟರೆ ದೊಡ್ಡ ಕಂಪನಿಗಳ ಅಂಗಡಿಗಳೇ ಕಡಿಮೆ. ‘ದಿನಕ್ಕೆ 3,000’ ಬೆಂಗಳೂರಿನಲ್ಲೂ ನಾನು ಕಂಡಿಲ್ಲ.

ಬಂದ ದುಡ್ಡು ಕೈಗೆ ಸೇರುವುದೂ ತಡ. ವರದಿ ಒಪ್ಪಿಗೆಯಾದ ಮೇಲೆ 30ರಿಂದ 60 ದಿನ ಸಾಮಾನ್ಯ. ಖರೀದಿಗೆ ನೀವು ಕೈಯಿಂದ ಹಾಕಿದ ದುಡ್ಡೂ ಅಷ್ಟು ದಿನ ವಾಪಸ್ ಬರುವುದಿಲ್ಲ. ಹೊಸಬರು ಎಡವುವುದು ಇಲ್ಲಿ. ರೆಸಾರ್ಟಿನಲ್ಲಿ ಒಂದು ರಾತ್ರಿ ಪುಕ್ಕಟೆ ಅಂತ ಆಸೆಪಟ್ಟು 8,000 ಕೈಯಿಂದ ಹಾಕುತ್ತಾರೆ. ಬಿಲ್ಲಿನ ಫೋಟೋದಲ್ಲಿ ಸಮಯ ಕಾಣುವುದಿಲ್ಲ, ವರದಿ ತಿರಸ್ಕಾರ ಆಗುತ್ತದೆ, ದುಡ್ಡು ಗೋವಿಂದ. ಮೊದಲ ಆರು ತಿಂಗಳು 500 ರೂಪಾಯಿಗಿಂತ ಹೆಚ್ಚು ಕೈಯಿಂದ ಹಾಕುವ ಕೆಲಸ ಒಪ್ಪಬೇಡಿ. ಮಳೆಗಾಲದಲ್ಲಿ, ಅದರಲ್ಲೂ ಜುಲೈ-ಆಗಸ್ಟ್‌ನಲ್ಲಿ, ಇನ್ನೂ ಹುಷಾರು. ಮರ ಬಿದ್ದು ಕರೆಂಟ್ ಹೋಗಿ, ಟವರ್ ಸತ್ತು, 24 ಗಂಟೆಯ ಗಡುವು ಮೀರಿದ ವರದಿಗಳು ನಮ್ಮ ಜಿಲ್ಲೆಯಿಂದ ಎಷ್ಟೋ ಬರುತ್ತಿದ್ದವು. ನಾನು ಕೊಡಗಿನವನೇ ಆದರೂ ತಿರಸ್ಕರಿಸಲೇಬೇಕಿತ್ತು. ಕಂಪನಿಗೆ ಕೊಡಗಿನ ಮಳೆ ಅರ್ಥವಾಗುವುದಿಲ್ಲ.

ಈಗ ನೀವು ಕೇಳದೇ ಇದ್ದ, ಆದರೆ ಇಲ್ಲಿ ಎಲ್ಲಕ್ಕಿಂತ ದೊಡ್ಡದಾದ ತೊಂದರೆ. ಈ ಕೆಲಸದ ಜೀವಾಳ ನೀವು ಯಾರೆಂದು ಗೊತ್ತಾಗದಿರುವುದು. ಮೈಸೂರಿನಲ್ಲಿ ಅದು ತಾನಾಗಿಯೇ ಸಿಗುತ್ತದೆ. ಕೊಡಗಿನಲ್ಲಿ? ಅಂಗಡಿಗೆ ಕಾಲಿಟ್ಟ ಎರಡೇ ನಿಮಿಷದಲ್ಲಿ ‘ಯಾವೂರು, ಯಾರ ಮನೆಯವರು’ ಅಂತ ಕೇಳುತ್ತಾರೆ. ಮನೆ ಹೆಸರು ಹೇಳಿದರೆ ಮುಗಿಯಿತು, ನಿಮ್ಮ ಅತ್ತೆಯ ತವರು ತನಕ ಹೋಗುತ್ತದೆ ಮಾತು. ನಾನು ಶಾಪರ್ ಆಗಿದ್ದಾಗ ಗೋಣಿಕೊಪ್ಪದ ಒಂದು ಅಂಗಡಿಗೆ ಹೋಗಿ, ಕಂಪನಿ ಹೇಳಿಕೊಟ್ಟ ಹಾಗೆ ‘ನಾನು ಈ ಊರಿಗೆ ಹೊಸಬ’ ಅಂತ ಶುರುಮಾಡಿದ್ದೆ. ಕೌಂಟರಿನಲ್ಲಿದ್ದವರು ನಕ್ಕು, ‘ಹೊಸಬರಾ? ಹೋದ ಪುತ್ತರಿಗೆ ನಮ್ಮ ಭಾವನ ಮನೆಯಲ್ಲಿ ಕಡಂಬಿಟ್ಟು ತಿಂದದ್ದು ನೀವೇ ಅಲ್ವಾ?’ ಅಂದರು. ಆ ವರದಿಯನ್ನು ನಾನೇ ರದ್ದು ಮಾಡಿಸಿದೆ. ನೀವಂತೂ ಕುಶಾಲನಗರದಲ್ಲೇ ಕೆಲಸ ಮಾಡಿದವರು. ಹಳೆ ಅಂಗಡಿ, ಅದರ ಅಕ್ಕಪಕ್ಕದವು, ಬಿಲ್ ಹಾಕುತ್ತಿದ್ದಾಗ ಪರಿಚಯವಾದವರು, ಇವೆಲ್ಲ ನಿಮ್ಮ ಪಟ್ಟಿಯಿಂದ ಹೊರಗೆ.

ಅದಕ್ಕೇ ನಿಮಗೆ ನಾನು ಹೇಳುವುದು, ಗುಟ್ಟು ಬೇಡದ ಕೆಲಸಗಳನ್ನು ಮೊದಲು ಹುಡುಕಿ. ಅದೇ ಏಜೆನ್ಸಿಗಳು ಬಹಿರಂಗ ಆಡಿಟ್‌ಗಳನ್ನೂ ಕೊಡುತ್ತವೆ. ಪತ್ರ ತೋರಿಸಿಯೇ ಅಂಗಡಿಗೆ ಹೋಗಿ ಕಪಾಟಿನಲ್ಲಿ ಸರಕು ಇದೆಯಾ, ಬೋರ್ಡ್ ಸರಿಯಾಗಿ ನೇತುಹಾಕಿದ್ದಾರಾ, ಬೆಲೆ ಚೀಟಿ ಇದೆಯಾ ಅಂತ ನೋಡಿ ಫೋಟೋ ಕಳಿಸುವುದು. ಇಲ್ಲಿ ಗುರುತು ಇದ್ದರೆ ಅನುಕೂಲವೇ ಹೊರತು ನಷ್ಟ ಇಲ್ಲ. ದುಡ್ಡು ಸ್ವಲ್ಪ ಕಡಿಮೆ, ವರದಿ ಚಿಕ್ಕದು, ಒಂದೇ ದಿನ ಹತ್ತು ಅಂಗಡಿ ಮುಗಿಸಬಹುದು. ಫೋನಿನಲ್ಲೇ ಮುಗಿಯುವ ಕೆಲಸಗಳೂ ಉಂಟು: ಶೋರೂಮಿಗೋ ಬುಕಿಂಗ್ ಆಫೀಸಿಗೋ ಗಿರಾಕಿಯ ಹಾಗೆ ಫೋನ್ ಮಾಡಿ, ಎಷ್ಟು ರಿಂಗಿಗೆ ಎತ್ತಿದರು, ಕೇಳಿದ್ದಕ್ಕೆ ಏನು ಹೇಳಿದರು ಅಂತ ಬರೆಯುವುದು. ಮಗಳು ಶಾಲೆಗೆ ಹೋದ ಮೇಲೆ ಮನೆಯಲ್ಲೇ ಆಗುತ್ತದೆ, ನೆಟ್‌ವರ್ಕ್ ಇದ್ದರೆ. ಗುಟ್ಟಿನ ಭೇಟಿಗಳನ್ನು ಮೈಸೂರಿನ ದಿನಗಳಿಗೆ ಇಟ್ಟುಕೊಳ್ಳಿ. ಒಂದು ಅಡ್ಡಿ ಮಾತ್ರ ಮೊದಲೇ ಹೇಳುತ್ತೇನೆ. ವರದಿಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ. ವ್ಯಾಕರಣ ಚೆಂದ ಇರಬೇಕು ಅಂತಿಲ್ಲ, ಅರ್ಥವಾಗುವ ಹಾಗೆ ನಾಲ್ಕು ಸಾಲು ಬರೆಯಲು ಬರಬೇಕು.

ಚಾಡಿಯ ಮಾತಿಗೆ ಬರೋಣ. ಇದನ್ನು ಕೇಳಿದ್ದಕ್ಕೇ ನೀವು ಒಳ್ಳೆಯ ಶಾಪರ್ ಆಗುತ್ತೀರಿ ಅನಿಸಿತು. ಚಾಡಿಗೂ ವರದಿಗೂ ಇರುವ ವ್ಯತ್ಯಾಸವನ್ನು ನಾನು ಹನ್ನೊಂದು ವರ್ಷ ದಿನಾ ನೋಡಿದ್ದೇನೆ. ‘ಹುಡುಗಿಗೆ ಅಹಂಕಾರ, ಸರಿಯಾಗಿ ಮಾತಾಡಲಿಲ್ಲ’ ಅಂತ ಬರೆದು ಕಳಿಸಿದರೆ ನಾನು ವಾಪಸ್ ಕಳಿಸುತ್ತಿದ್ದೆ. ಅದು ಚಾಡಿ. ‘11.20ಕ್ಕೆ ಒಳಗೆ ಹೋದೆ. ಕೌಂಟರಿನಲ್ಲಿ ಒಬ್ಬರೇ ಇದ್ದರು, ನನ್ನ ಮುಂದೆ ನಾಲ್ಕು ಜನ. 11.31ಕ್ಕೆ ನನ್ನ ಸರದಿ. ಅಳತೆ ಕೇಳಿದೆ, ಇಲ್ಲ ಅಂದರು, ಬೇರೆ ಬಣ್ಣದಲ್ಲಿ ಇದೆಯಾ ಅಂತ ನೋಡಲಿಲ್ಲ’ ಅಂತ ಬರೆದರೆ ಅದು ವರದಿ. ಇದನ್ನು ಓದಿದವನಿಗೆ ಆ ಹುಡುಗಿಗಿಂತ ಮೊದಲು ಕಾಣುವುದು, ಜನ ತುಂಬಿದ ಹೊತ್ತಿನಲ್ಲಿ ಒಬ್ಬಳನ್ನೇ ನಿಲ್ಲಿಸಿದ ಮ್ಯಾನೇಜರ್. ಎಷ್ಟೋ ಕಡೆ ಇಂಥ ವರದಿಯಿಂದ ಇನ್ನೊಬ್ಬರನ್ನು ಕೆಲಸಕ್ಕೆ ತೆಗೆದುಕೊಂಡದ್ದಿದೆ. ಒಳ್ಳೆಯ ಅಂಕ ಬಂದ ಅಂಗಡಿಯ ಹುಡುಗರಿಗೆ ಬೋನಸ್ ಸಿಕ್ಕಿದ್ದಿದೆ. ಹಾಗಂತ ಯಾರಿಗೂ ಏಟು ಬೀಳುವುದೇ ಇಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. ಕೆಲವು ಕಂಪನಿಗಳು ವರದಿಯನ್ನು ದೊಣ್ಣೆಯ ಹಾಗೆ ಬಳಸುತ್ತವೆ. ಮನೆಯಲ್ಲಿ ಕಷ್ಟ ಇದ್ದ ಒಬ್ಬ ಹುಡುಗನಿಗೆ ನನ್ನ ವರದಿಯಿಂದ ಒಂದು ತಿಂಗಳ ಇನ್ಸೆಂಟಿವ್ ಹೋಗಿತ್ತು, ಅದು ನನಗೆ ಆಮೇಲೆ ಗೊತ್ತಾಯಿತು. ವರದಿಯಲ್ಲಿ ಸುಳ್ಳಿರಲಿಲ್ಲ. ಆದರೂ ಒಂದು ವಾರ ಊಟ ರುಚಿಸಿರಲಿಲ್ಲ. ಅದಾದ ಮೇಲೆ ನಾನು ಕಂಡದ್ದು, ಕೇಳಿದ್ದು ಮಾತ್ರ ಬರೆದೆ, ಅನಿಸಿದ್ದನ್ನು ಬರೆಯುವುದು ನಿಲ್ಲಿಸಿದೆ. ಚೆನ್ನಾಗಿ ಮಾಡಿದವರ ಹೆಸರನ್ನು ತಪ್ಪದೆ ಬರೆಯುವುದನ್ನೂ ಅಭ್ಯಾಸ ಮಾಡಿಕೊಂಡೆ.

ಗುಟ್ಟಾಗಿ ವೀಡಿಯೋ, ಆಡಿಯೋ ತೆಗೆಯುವ ಕೆಲಸಕ್ಕೆ ಕೂಡ ಮನಸ್ಸಿಲ್ಲದಿದ್ದರೆ ಒಪ್ಪಬೇಡಿ. ಬೇಡ ಅಂದರೆ ಏಜೆನ್ಸಿಯವರು ಬೇಜಾರು ಮಾಡಿಕೊಳ್ಳುವುದಿಲ್ಲ, ಬೇರೆ ಕೆಲಸ ಕೊಡುತ್ತಾರೆ.

ತೆರಿಗೆ ಬಗ್ಗೆ ಒಂದೇ ಮಾತು. ಇದೂ ಆದಾಯವೇ. ಏಜೆನ್ಸಿ ಟಿಡಿಎಸ್ (ದುಡ್ಡು ಕೊಡುವಾಗಲೇ ಕಡಿಯುವ ತೆರಿಗೆ) ಹಿಡಿದುಕೊಂಡರೆ ನಿಮ್ಮ ಪ್ಯಾನ್‌ಗೆ ಜಮೆ ಆಗಿರುತ್ತದೆ. ನಿಮ್ಮ ಒಟ್ಟು ಆದಾಯ ಮಿತಿಯೊಳಗೆ ಇದ್ದರೆ ರಿಟರ್ನ್ ಹಾಕಿ ವಾಪಸ್ ತಗೊಳ್ಳಬಹುದು. ಪೆಟ್ರೋಲ್, ಬಿಲ್, ಬರಬೇಕಾದ ದುಡ್ಡು ಎಲ್ಲ ಒಂದು ನೋಟ್‌ಬುಕ್‌ನಲ್ಲಿ ಇರಲಿ, ಅದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ.

ಕೊನೆಗೆ ಮೈದುನನ ಬಂಕು. ಆ ಕೆಲಸ ಬಂದರೆ ತಗೊಳ್ಳಬೇಡಿ. ‘ಇಲ್ಲಿ ನನ್ನ ಹತ್ತಿರದ ಸಂಬಂಧಿ ಇದ್ದಾರೆ’ ಅಂತ ಏಜೆನ್ಸಿಗೆ ಒಂದು ಸಾಲು ಬರೆದು ಬಿಟ್ಟುಬಿಡಿ. ಹೆಚ್ಚಿನ ಏಜೆನ್ಸಿಗಳ ಒಪ್ಪಂದದಲ್ಲೇ ಇದು ಇರುತ್ತದೆ, ಮುಚ್ಚಿಟ್ಟದ್ದು ಗೊತ್ತಾದರೆ ಮುಂದೆ ಕೆಲಸ ಕೊಡುವುದಿಲ್ಲ. ಇನ್ನೊಂದು ಕಷ್ಟದ ಭಾಗ ಇದೆ. ಆ ಬಂಕಿಗೆ ಶಾಪರ್ ಬರುತ್ತಾರೆ ಅನ್ನುವುದು ನಿಮಗೆ ಗೊತ್ತಾಗಿರುತ್ತದಲ್ಲ, ಅದನ್ನು ಮೈದುನನಿಗೂ ಹೇಳುವ ಹಾಗಿಲ್ಲ. ಊಟಕ್ಕೆ ಕೂತಾಗ ಬಾಯಿಯ ತುದಿಗೆ ಬರುತ್ತದೆ. ಬೇಕಾದರೆ ಕೆಲಸದ ವಿಷಯ ಬಿಟ್ಟು, ಇಷ್ಟು ಮಾತ್ರ ಇವತ್ತೇ ಹೇಳಿಡಿ: ಗಿರಾಕಿ ಕೇಳಿದರೆ ಐದು ಲೀಟರ್ ಅಳತೆ ಪಾತ್ರೆಯಲ್ಲಿ ಅಳೆದು ತೋರಿಸಬೇಕು, ಪೆಟ್ರೋಲ್ ಕಲಬೆರಕೆ ನೋಡಲು ಫಿಲ್ಟರ್ ಪೇಪರ್ ಕೊಡಬೇಕು, ಗಾಳಿಗೆ ದುಡ್ಡು ತಗೊಳ್ಳಬಾರದು. ಇದು ಗುಟ್ಟಲ್ಲ, ಎಲ್ಲ ಗಿರಾಕಿಗೂ ಇರುವ ಹಕ್ಕು.